ದಣಿಯದ ಕೈಗೆ ದಣಿವು ಕಲಿಸಿದ್ದು

ಸಿದ್ದಾಪುರದಲ್ಲಿ ಜೋಳದ ರೊಟ್ಟಿಯ ವಾಸನೆ ಅಪರೂಪ. ಹೋದ ತಿಂಗಳು ನಮ್ಮ ಮನೆಯ ಮೇಲಂತಸ್ತಿಗೆ ಗದಗಿನ ಕಡೆಯ ಕುಟುಂಬವೊಂದು ಬಾಡಿಗೆಗೆ ಬಂತು. ಮರುದಿನ ಹನ್ನೊಂದರ ಸುಮಾರಿಗೆ ನಾನು ನನ್ನ ತರಗತಿಯ ಉತ್ತರಪತ್ರಿಕೆಗಳ ಕಟ್ಟಿನೆದುರು ಕೂತಿದ್ದೆ. ಮೇಲಿನಿಂದ ಮೊದಲು ಸಪ್ಪಳ ಬಂತು, ಆಮೇಲೆ ಕಾದ ಹಂಚಿನ ಮೇಲೆ ಒಣಹಿಟ್ಟು ಸುಡುವ ವಾಸನೆ. ಒಂದೇ ಉತ್ತರವನ್ನು ಮೂರು ಸಲ ಓದಿದೆ. ಮೂರು ಸಲವೂ ಅದರಲ್ಲೇನಿದೆ ಎಂದು ತಿಳಿಯಲಿಲ್ಲ. ವರ್ಷಗಳ ಹಿಂದೆ ಕಿರವತ್ತಿಯಲ್ಲಿ ಅಕ್ಕನ ಮನೆಯಲ್ಲಿ ಕಳೆದ ಆ ಚಳಿಗಾಲ, ಅದರ ಹಿಂದೆಯೇ ಬಂದ ಬೇಸಿಗೆ ತಲೆಯೊಳಗೆ ಬಂದು ಕೂತವು.

ಬಂದು ಕೂತದ್ದು ಆ ತಿಂಗಳುಗಳೇ ಹೌದೋ, ಆಮೇಲೆ ಹತ್ತಾರು ಜನರಿಗೆ ಹೇಳಿ ಹೇಳಿ ನಾನು ನಯ ಮಾಡಿಕೊಂಡ ಕತೆಯೋ ಗೊತ್ತಿಲ್ಲ. ನಾನು ಧಾರವಾಡದಲ್ಲಿ ಇತಿಹಾಸ ಓದಿದವನು. ಬಾಯಿಮಾತಿನ ಸಾಕ್ಷ್ಯವನ್ನು ಎಷ್ಟರ ಮಟ್ಟಿಗೆ ನೆಚ್ಚಬಹುದು ಎಂಬುದರ ಮೇಲೆ ಪ್ರಬಂಧ ಬರೆಯಲು ಹೋಗಿ, ಐದು ವರ್ಷ ಸವೆಸಿ, ಮೂರನೆಯ ಅಧ್ಯಾಯದಲ್ಲಿ ಕೈಬಿಟ್ಟವನು. ಪದವಿ ಬರಲಿಲ್ಲ. ಯಾರ ನೆನಪನ್ನೂ, ಮುಖ್ಯವಾಗಿ ನನ್ನದನ್ನು, ಪೂರ್ತಿ ನಂಬಲಾಗದ ಚಟವೊಂದು ಉಳಿಯಿತು. ಆ ಚಟವನ್ನು ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಆ ವರ್ಷ ನಾನು ಯಲ್ಲಾಪುರದಲ್ಲಿ ಕೋಣೆ ಹಿಡಿದು ಶ್ರೀಪಾದನ ಕೆಲಸ ಮಾಡುತ್ತಿದ್ದೆ. ಶ್ರೀಪಾದ ಶಿರಸಿಯವನು, ಧಾರವಾಡದ ಹಾಸ್ಟೆಲಿನಲ್ಲಿ ನನ್ನ ಕೋಣೆಯವನು. ಊರಿಗೆ ಹಿಂತಿರುಗಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು, ಶಾಲೆಯ ಪಾಠಗಳಿಗೆ ಅನಿಮೇಶನ್ ಮಾಡಿಕೊಡುತ್ತಿದ್ದ. ಬಡಿಯುವ ಹೃದಯ, ತಿರುಗುವ ಭೂಮಿ, ಮೆಲುಕು ಹಾಕುವ ಹಸು. ಅರ್ಧಕ್ಕೆ ನಿಂತ ಪ್ರಬಂಧದವನಿಗೆ ಬೇರೆ ಏನಿಲ್ಲದಿದ್ದರೂ ತಾಳ್ಮೆಯಿರುತ್ತದೆ ಎಂದು ತಪ್ಪು ತಿಳಿದು ನನ್ನನ್ನೂ ಸೇರಿಸಿಕೊಂಡ. ಮೊದಲ ವಾರ ಆ ಮಾಳಿಗೆಯಲ್ಲೇ ನಾನು ಹಸುವಿನ ಬಾಯಿಯನ್ನು ಒಂದೊಂದೇ ಹಂತವಾಗಿ ಆಡಿಸುತ್ತ ಕೂತಿದ್ದಾಗ ಅವನು ಹಿಂದೆ ಬಂದು ನಿಂತ.

“ಮೂರು ನಿಮಿಷದ ಮೆಲುಕನ್ನ ಪೂರಾ ಕೈಯಿಂದ ಮಾಡ್ತೀಯಾ ಮಾರಾಯ? ಒಂದು ಸಲ ಸರಿಯಾಗಿ ಬಾಯಿ ಆಡಿಸು. ಕೆಳಗೆ ಒಂದು ಸಾಲು ಬರಿ. ಮುಂದಿಂದು ಅದೇ ನೋಡ್ಕೊಳ್ತದೆ.”

“ಎಷ್ಟು ಹೊತ್ತು?”

“ಕರೆಂಟ್ ಇರೂವರೆಗೆ.”

ಆ ಒಂದು ಸಾಲಿಗೆ ಎಕ್ಸ್‌ಪ್ರೆಶನ್ ಎನ್ನುತ್ತಾರೆ. ಚಲನೆಯ ಮುಖ್ಯ ಹಂತಗಳನ್ನಷ್ಟೇ ನಾವು ಗುರುತು ಮಾಡಿಟ್ಟರೆ ನಡುವಿನದನ್ನು ಯಂತ್ರ ತುಂಬಿಕೊಳ್ಳುತ್ತದೆ; ಅದರ ಮೇಲೆ ಲೂಪ್ ಎಂಬ ಆಜ್ಞೆ ಬರೆದರೆ ಅಷ್ಟೇ ಚಲನೆ ಮತ್ತೆ ಮತ್ತೆ ನಡೆಯುತ್ತ ಹೋಗುತ್ತದೆ. ಅದರಲ್ಲೂ ಬಗೆಗಳಿವೆ. ಸೈಕಲ್ ಎಂದು ಬರೆದರೆ ಚಲನೆ ಕೊನೆ ಮುಟ್ಟಿದೊಡನೆ ಮೊದಲಿನ ಜಾಗಕ್ಕೆ ಜಿಗಿದು ಪುನಃ ಶುರುವಾಗುತ್ತದೆ. ಪಿಂಗ್‌ಪಾಂಗ್ ಎಂದರೆ ಹೋದ ದಾರಿಯಲ್ಲೇ ಹಿಂದಕ್ಕೆ ಬರುತ್ತದೆ. ಆಫ್‌ಸೆಟ್ ಎಂದರೆ, ಪ್ರತಿ ಸುತ್ತೂ ಹಿಂದಿನ ಸುತ್ತು ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯುತ್ತದೆ. ಐದು ವರ್ಷ ಒಂದೇ ಅಧ್ಯಾಯವನ್ನು ತಿದ್ದಿ ತಿದ್ದಿ ಸುಸ್ತಾಗಿದ್ದ ನನಗೆ, ಒಂದು ಸಲ ಸರಿ ಮಾಡಿದರೆ ಸಾಕು ಎಂಬ ಮಾತು ಆಗ ಬಹಳ ಹಿಡಿಸಿತ್ತು.

ನವರಾತ್ರಿ ಮುಗಿದ ವಾರ ಅಕ್ಕನಿಗೆ ಲಕ್ವ ಹೊಡೆಯಿತು.

ಅಕ್ಕ ಗಿರಿಜಾ ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಮ್ಮದು ಬನವಾಸಿ ಕಡೆಯ ಒಕ್ಕಲುತನದ ಮನೆ. ಅವಳನ್ನು ಕಿರವತ್ತಿಗೆ ಕೊಟ್ಟಿತ್ತು. ಅವಳ ಗಂಡ ಈರಣ್ಣ, ನನಗೆ ಮಾಮಾ, ಹೆದ್ದಾರಿಯ ಪಕ್ಕ ಖಾನಾವಳಿ ನಡೆಸುತ್ತಾರೆ. ಹುಬ್ಬಳ್ಳಿಯಿಂದ ಘಟ್ಟ ಇಳಿಯುವ ಲಾರಿಯವರು ಅಲ್ಲಿ ನಿಲ್ಲುತ್ತಿದ್ದುದು ಅಕ್ಕನ ರೊಟ್ಟಿಗೆ. ಹೊರಗಿನ ಬೆಂಚಿನವರೆಗೂ ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅವತ್ತು ಬೆಳಿಗ್ಗೆ ಹಿಟ್ಟು ನಾದಿ, ಮೊದಲ ಉಂಡೆಯನ್ನು ಹಲಗೆಯ ಮೇಲಿಟ್ಟು ಬಲಗೈ ಎತ್ತಲು ಹೋದರೆ ಕೈ ಏಳಲಿಲ್ಲವಂತೆ. ಖಾನಾವಳಿಯ ಮುಂಭಾಗದಿಂದ ಮಾಮಾ, “ಯಾಕ, ಸಪ್ಪಳ ನಿಂತೈತಿ?” ಎಂದು ಕೂಗಿದರಂತೆ. ಉತ್ತರ ಬರದಿದ್ದಾಗ ಒಳಗೆ ಓಡಿದರಂತೆ.

ಹುಬ್ಬಳ್ಳಿಯ ಆಸ್ಪತ್ರೆಯಿಂದ ಅವಳು ದೀಪಾವಳಿಯ ಹೊತ್ತಿಗೆ ಮನೆಗೆ ಬಂದಳು. ಮಾತು ಸರಿಯಿತ್ತು. ಕಾಲು ತುಸು ಎಳೆಯುತ್ತಿತ್ತು. ಬಲಗೈ ಮಾತ್ರ ಬೇರೆ ಯಾರದೋ ಸಾಮಾನಿನಂತೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಒಂದೇ ಚಲನೆಯನ್ನು ದಿನಕ್ಕೆ ನೂರಾರು ಸಲ ಮಾಡಿಸಿ, ಬಿಡದೆ ಮಾಡಿಸಿ, ಕೈಗೆ ಮತ್ತೆ ಕಲಿಸಬೇಕು ಎಂದು ಡಾಕ್ಟರು ಹೇಳಿದ್ದರು. ಮೊದಲ ಕೆಲವು ತಿಂಗಳಲ್ಲಿ ಬಂದಷ್ಟು ಬಂತು ಎಂದೂ ಹೇಳಿದ್ದರು.

ನಾನು ನೋಡಲು ಹೋದ ದಿನ ಮಧ್ಯಾಹ್ನ ಅಕ್ಕ ಊಟದ ಹೊತ್ತಿಗೆ ಕಾಣೆಯಾದಳು. ಹುಡುಕಿದರೆ, ಒಳಕೋಣೆಯಲ್ಲಿ ಜೋಳದ ಚೀಲಗಳ ಹಿಂದೆ, ಬಾಗಿಲಿಗೆ ಬೆನ್ನು ಹಾಕಿ, ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದಳು. ನಮ್ಮಲ್ಲಿ ಎಡಗೈಯಿಂದ ಉಣ್ಣುವವರಿಲ್ಲ. ತೀರ ಚಿಕ್ಕ ಮಗುವಿನ ಎಡಗೈಗೂ ಪೆಟ್ಟು ಬೀಳುತ್ತದೆ. ಮಾಮಾ ತುತ್ತು ಮಾಡಿ ತಿನ್ನಿಸಲು ಹೋದರೆ ಮೂರು ದಿನ ತಿಂದು ನಾಲ್ಕನೆಯ ದಿನ ಬಾಯಿ ಮುಚ್ಚಿದ್ದಳಂತೆ. ಅರ್ಧ ಹೆದ್ದಾರಿಗೆ ಉಣ್ಣಿಸಿದ ಹೆಂಗಸು ಚೀಲದ ಹಿಂದೆ ಕೂತು ಕದ್ದು ಉಣ್ಣುತ್ತಿದ್ದಳು.

ನನ್ನನ್ನು ನೋಡಿ ಚಮಚ ಕೆಳಗಿಟ್ಟಳು. “ರೊಟ್ಟಿ ಬಡೀಲಿಲ್ಲಂದ್ರ ಚಿಂತಿಲ್ಲೋ ತಮ್ಮಾ. ಎಲ್ಲಾರ ನಡುವ ಕೂತು ಈ ಕೈಲೆ ಒಂದು ತುತ್ತು ಉಂಡ್ರ ಸಾಕು ನನಗ.”

ನಾನು ಯಲ್ಲಾಪುರದ ಕೋಣೆ ಬಿಟ್ಟು ಲ್ಯಾಪ್‌ಟಾಪ್ ಸಮೇತ ಕಿರವತ್ತಿಗೆ ಬಂದೆ. ಶ್ರೀಪಾದನ ಕೆಲಸ ಎಲ್ಲಿ ಕೂತರೂ ಆಗುತ್ತಿತ್ತು, ಕರೆಂಟ್ ಇದ್ದರೆ. ಮಾಮಾ ಬಾಗಿಲಲ್ಲೇ ಸ್ವಾಗತಿಸಿದರು: “ಬರ್ರಿ ಡಾಕ್ಟರ್ ಸಾಹೇಬ್ರ, ಬರ್ರಿ.” ಪಿಎಚ್‌.ಡಿ. ಬಿಟ್ಟ ಮೇಲೆ ಅವರು ನನ್ನನ್ನು ಕರೆಯುವುದೇ ಹಾಗೆ. ಇದನ್ನು ಕೇಳಿಸಿಕೊಂಡ ಲಾರಿ ಡ್ರೈವರೊಬ್ಬ ಊಟ ಮುಗಿಸಿ ಬಂದು ಅಂಗಿ ಎತ್ತಿ ನನಗೆ ಬೆನ್ನಿನ ಗಂಟು ತೋರಿಸಿದ.

ವ್ಯಾಯಾಮ ಮಾಡಿಸುವುದು ನನ್ನ ಪಾಲಿಗೆ ಬಂತು. ಬೆರಳು ಬಿಡಿಸು, ಮಡಚು. ಮಣಿಕಟ್ಟು ಎತ್ತು, ಇಳಿಸು. ಅಕ್ಕ ಹತ್ತು ಸಲ ಮಾಡಿ ನಿಲ್ಲಿಸುತ್ತಿದ್ದಳು. ನಾನು ಗಟ್ಟಿಯಾಗಿ ಎಣಿಸಿದರೆ, “ನೀ ಎಣಸಬ್ಯಾಡ. ನೀ ಎಣಸಿದ್ರ ನನಗ ಸಾಲಿ ಮಾಸ್ತರ ನೆನಪಾಗಿ ಎದ್ದು ಓಡಬೇಕ ಅನಸತೈತಿ” ಎನ್ನುತ್ತಿದ್ದಳು. ಎಣಿಸದಿದ್ದರೆ ಐದಕ್ಕೇ ನಿಲ್ಲುತ್ತಿತ್ತು. ಜೊತೆಗೆ ಮಾಡುವವರೊಬ್ಬರು ಬೇಕು ಅನ್ನಿಸಿತು. ನನ್ನಿಂದ ದಿನಕ್ಕೆ ನೂರಾರು ಸಲ ಕೈ ಮಡಚುವುದು ಆಗುತ್ತಿರಲಿಲ್ಲ. ಎರಡೇ ದಿನಕ್ಕೆ ನನಗೇ ಬೇಜಾರು ಬಂದಿತ್ತು.

ಹಾಗಾಗಿ ಒಂದು ಕೈ ಬರೆದೆ. ತೆರೆದ ಅಂಗೈ, ಮುಚ್ಚಿದ ಮುಷ್ಟಿ, ಎರಡೇ ಹಂತ. ಪಿಂಗ್‌ಪಾಂಗ್ ಎಂದು ಒಂದು ಸಾಲು ಹಾಕಿದೆ. ತೆರೆಯಿತು, ಮುಚ್ಚಿತು, ತೆರೆಯಿತು. ಅಕ್ಕನ ಫೋನಿಗೆ ಹಾಕಿ, ಫೋನನ್ನು ಉಪ್ಪಿನಕಾಯಿ ಭರಣಿಗೆ ಆನಿಸಿ ನಿಲ್ಲಿಸಿದೆ. ನನ್ನ ಬದುಕಿನಲ್ಲಿ ಸರಿಯಾಗಿ ಮುಗಿಸಿದ ಕೆಲಸ ಅದೊಂದೇ ಎಂಬಂತೆ ಪಕ್ಕದಲ್ಲಿ ನಿಂತೆ.

“ಇದು ಯಾರ ಕೈಯೋ?”

“ಯಾರದೂ ಅಲ್ಲ.”

“ಅದಕ್ಕ ಹಿಂಗೈತಿ” ಎಂದಳು.

ಒಂದು ವಾರ ಅದರ ಜೊತೆ ಗುದ್ದಾಡಿದಳು. ಆಮೇಲೆ ಒಂದು ದಿನ ನಾನು ಸಂತೆಯಿಂದ ಬಂದಾಗ ಫೋನು ಮುಖ ಕೆಳಗಾಗಿ ಬಿದ್ದಿತ್ತು. ಅಕ್ಕ ಗೋಡೆ ನೋಡುತ್ತ ಕೂತಿದ್ದಳು. ಕಣ್ಣು ಕೆಂಪಾಗಿತ್ತು.

“ಇದಕ್ಕ ದಣಿವು ಅನ್ನೂದ ಇಲ್ಲೇನೋ? ನಾ ಒಂದು ಸಲ ಮುಚ್ಚೂದ್ರಾಗ ಇದು ನಾಕು ಸಲ ಮುಚ್ಚಿ, ತಗದು, ನನ್ನ ಮಾರಿ ನೋಡ್ತೈತಿ. ತಗೊಂಡು ಹೋಗು ಇದನ್ನ.”

ವೇಗ ಕಡಿಮೆ ಮಾಡುತ್ತೇನೆ ಎಂದೆ. ಬೇಡ ಎಂದಳು. ಫೋನನ್ನು ನನ್ನ ಕಡೆಗೆ ತಳ್ಳಿ ಹೇಳಿದಳು: “ಖಾಲಿ ಕೈ ಮುಚ್ಚಿ ತಗದು ಮಾಡಾಕ ನಾ ಏನು ತೊಟ್ಟಿಲ ಕೂಸೇನು? ಮಾಡೂದಾದ್ರ ರೊಟ್ಟಿ ಬಡಿಯೋ ಕೈ ಮಾಡು. ಅದರ ಕೂಡ ಬಡೀತೀನಿ.”

ರೊಟ್ಟಿ ಬಡಿಯುವ ಕೈಯಲ್ಲಿ ಏನು ಕಷ್ಟ ಎಂದುಕೊಂಡೆ. ಹುಟ್ಟಿದಾಗಿನಿಂದ ನೋಡಿದ್ದು. ಬರೆಯಲು ಕೂತಾಗ ಗೊತ್ತಾಯಿತು, ನನಗೆ ಏನೂ ಗೊತ್ತಿಲ್ಲ. ಬಲಗೈ ಬಡಿಯುತ್ತದೆ, ಸರಿ. ರೊಟ್ಟಿಯನ್ನು ತಿರುಗಿಸುವುದು ಯಾವುದು? ಬಡಿಯುವ ಕೈಯೇ ತಳ್ಳುತ್ತದೋ, ಎಡಗೈ ಎಳೆಯುತ್ತದೋ? ರೊಟ್ಟಿ ತಿರುಗುವುದು ಗಡಿಯಾರದ ದಿಕ್ಕಿಗೋ, ಎದುರು ದಿಕ್ಕಿಗೋ?

ಮಾಮಾನನ್ನು ಕೇಳಿದೆ. ಇಪ್ಪತ್ತೆರಡು ವರ್ಷ ಆ ರೊಟ್ಟಿ ಉಂಡವರು. “ಎರಡೂ ಕೈಲೆ ಬಡೀತಾಳಲ್ಲ” ಎಂದರು, ಯಾವ ಅನುಮಾನವೂ ಇಲ್ಲದೆ.

“ಎಂದ ಬಡದೀನಿ ಎರಡೂ ಕೈಲೆ?” ಒಳಗಿನಿಂದ ಅಕ್ಕ. “ಬಲಗೈ ಒಂದ. ಎಡಗೈ ಸುಮ್ನ ಇರ್ತೈತಿ.”

“ಸುಮ್ನ ಇದ್ರ ರೊಟ್ಟಿ ತಿರಗೂದು ಹೆಂಗ?” ಎಂದೆ ನಾನು.

ಅಕ್ಕ ಬಾಗಿಲಿಗೆ ಬಂದು ತನ್ನ ಎಡಗೈಯನ್ನು ತಿರುಗಿಸಿ ನೋಡಿಕೊಂಡಳು. ಆಗ ಅವಳ ಜಾಗದಲ್ಲಿ ರೊಟ್ಟಿ ಬಡಿಯಲು ಬರುತ್ತಿದ್ದ ಹೆಂಗಸನ್ನು ನೋಡಿ ಬರೆಯೋಣವೆಂದರೆ ಅವಳದು ಬೇರೆಯೇ ಕೈ, ಸಪ್ಪಳವೂ ಬೇರೆ. ಕೊನೆಗೆ ಅಕ್ಕ ಸೋತ ದನಿಯಲ್ಲಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ, ಈ ಒಂದನ್ನು ನಂಬುತ್ತೇನೆ: “ಕೈಗೆ ಗೊತ್ತಿತ್ತಪಾ. ನನಗ ಅದು ಹೇಳಿರಲೇ ಇಲ್ಲ.”

ಮಾಮಾನದು, ಅಕ್ಕನದು, ಆ ಹೆಂಗಸಿನದು, ಮೂವರ ಸಾಕ್ಷ್ಯ ಮೂರು ದಿಕ್ಕಿಗೆ. ಧಾರವಾಡದಲ್ಲಾಗಿದ್ದರೆ ಅದರ ಮೇಲೆ ಹತ್ತು ಪುಟ ಬರೆಯುತ್ತಿದ್ದೆ. ಇಲ್ಲಿ ಹಲಗೆ ತಂದು ಅಕ್ಕನ ಮುಂದಿಟ್ಟೆ. ಒಣಹಿಟ್ಟು ಉದುರಿಸಿ, ನಾದಿದ ಉಂಡೆಯಿಟ್ಟು, ಅವಳ ಸತ್ತ ಬಲಗೈಯನ್ನು ಅದರ ಮೇಲಿರಿಸಿ, ಮಣಿಕಟ್ಟಿನ ಕೆಳಗೆ ನನ್ನ ಕೈ ಕೊಟ್ಟು ಎತ್ತಿ ಬಿಟ್ಟೆ. ಎತ್ತಿ ಬಿಟ್ಟೆ. ಐದಾರು ಸಲ ಆಗಿರಬೇಕು. ಅವಳ ಎಡಗೈ ತಾನಾಗಿಯೇ ಎದ್ದು ಬಂತು. ಅಂಚಿಗೆ ಮೂರು ಬೆರಳು ಆನಿಸಿ, ಪ್ರತಿ ಬಡಿತದ ಹಿಂದೆ ಒಂದಿಷ್ಟು, ಬಳೆ ಸರಿಸಿದಷ್ಟು, ರೊಟ್ಟಿಯನ್ನು ತನ್ನ ಕಡೆಗೆ ತಿರುಗಿಸಿತು. ಅಕ್ಕ ಅದನ್ನು ಬೇರೆ ಯಾರದೋ ಕೈ ನೋಡಿದ ಹಾಗೆ ನೋಡುತ್ತಿದ್ದಳು.

“ಅಯ್ಯ, ಇದು ಮಾಡತಿತ್ತೇನು!”

ಎಡಗೈ ಗೊತ್ತಾದ ಮೇಲೆ ಅದಕ್ಕೆ ಹೊಂದುವ ಬಲಗೈಯನ್ನು ಊಹಿಸಿಕೊಂಡು ಬರೆದೆ. ಕೈಗೆ ಸೈಕಲ್ ಲೂಪು. ರೊಟ್ಟಿಗೂ ಅದನ್ನೇ ಹಾಕಿದ್ದೆ. ಹಾಕಿದ ಕೂಡಲೇ ಅಕ್ಕ ತಪ್ಪು ಹಿಡಿದಳು. “ತಿರುಗಿದ ರೊಟ್ಟಿ ಹೊಳ್ಳಿ ಹಿಂದಕ್ಕ ಯಾಕ ಜಿಗೀತು?” ನಿಜ, ಪ್ರತಿ ಬಡಿತಕ್ಕೂ ತುಸು ತಿರುಗಿ, ಮರುಕ್ಷಣ ಮೊದಲಿನ ಜಾಗಕ್ಕೇ ಹಾರುತ್ತಿತ್ತು. ರೊಟ್ಟಿಗೆ ಬೇಕಾದದ್ದು ಆಫ್‌ಸೆಟ್. ತಿರುಗುವುದಕ್ಕೆ ಅದನ್ನು ಹಾಕಿದೆ. ಅದೇ ಹುಮ್ಮಸ್ಸಿನಲ್ಲಿ, ಬಡಿದಂತೆಲ್ಲ ರೊಟ್ಟಿ ಅಗಲವಾಗಬೇಕಲ್ಲ ಎಂದು ಗಾತ್ರಕ್ಕೂ ಅದನ್ನೇ ಹಾಕಿ, ನಾನು ಪೂರ್ತಿ ನೋಡದೆಯೇ ಅವಳ ಕೈಗೆ ಕೊಟ್ಟೆ.

ರೊಟ್ಟಿ ಚೆನ್ನಾಗಿ ತಿರುಗಿತು. ಅಗಲವಾಯಿತು. ಇನ್ನೂ ಅಗಲವಾಯಿತು. ಹಲಗೆ ಮುಚ್ಚಿತು, ಎಡಗೈ ಮುಚ್ಚಿತು, ಬಡಿಯುವ ಕೈಯನ್ನೂ ನುಂಗಿ ಫೋನಿನ ಅಂಚಿಗೆ ಹೋಗಿ ಹೊರಗೂ ಬೆಳೆಯುತ್ತ ಹೋಯಿತು. ನೋಡುತ್ತಿದ್ದ ಅಕ್ಕನ ಹೊಟ್ಟೆ ಕುಲುಕತೊಡಗಿತು.

“ಏನ್ರಿ, ಇಲ್ಲಿ ಬರ್ರಿ, ನಿಮ್ಮ ಡಾಕ್ಟರ್ ರೊಟ್ಟಿ ನೋಡ್ರಿ! ಯಲ್ಲಾಪುರ ಮುಟ್ಟಾಕ ಬಂತು!”

ಮಾಮಾ ಬಂದು ನೋಡಿದರು. “ಇದಕ್ಕ ಪಲ್ಯ ಎಲ್ಲಿಂದ ತರಬೇಕ ನಾ?” ಎಂದರು.

ಆಸ್ಪತ್ರೆಯಿಂದ ಬಂದ ಮೇಲೆ ಅಕ್ಕ ನಕ್ಕದ್ದು ಅದೇ ಮೊದಲು. ನಗುವಾಗ ಬಲಗಡೆಯ ತುಟಿ ತುಸು ಜೋತಿತ್ತು. ಈ ಸುದ್ದಿಯನ್ನು ಫೋನಿನಲ್ಲಿ ಶ್ರೀಪಾದನಿಗೆ ಹೇಳಿದಾಗ, ಉದ್ವೇಗ ಬಂದರೆ ಹವ್ಯಕ ಮನೆಮಾತಿಗೆ ಜಾರುವ ಅವನು, “ಆನು ಹೇಳಿದ್ನಲಾ, ಎಲ್ಲಾದಕ್ಕೂ ಆಫ್‌ಸೆಟ್ ಹಾಕಡ ಹೇಳಿ!” ಎಂದು ಕಿರುಚಿದ. ಹಾಕಬೇಡ ಎಂದು ಅವನು ಹೇಳಿದ ನೆನಪು ನನಗಿಲ್ಲ.

ರೊಟ್ಟಿಯನ್ನು ಹಿಡಿತಕ್ಕೆ ತಂದೆ. ಇಷ್ಟು ಅಗಲವಾದ ಮೇಲೆ ಹೊಸ ಉಂಡೆ ಬರುವಂತೆ ಮಾಡಿದೆ. ಆದರೆ ನಗು ಆರಿದ ಮೇಲೆ ಹಳೆಯ ತೊಂದರೆ ಹಾಗೇ ಇತ್ತು. ಆ ಕೈ ದಣಿಯುತ್ತಿರಲಿಲ್ಲ. ಅಕ್ಕನ ಕೈ ನನ್ನ ಆಸರೆಯಲ್ಲಿ ಹಲಗೆಯ ಮೇಲೆ ಎಂಟು ಸಲ ಎದ್ದು ಬಿದ್ದು ನಿಲ್ಲುತ್ತಿತ್ತು; ಪರದೆಯ ಮೇಲಿನದು ಉಂಡೆಯ ಹಿಂದೆ ಉಂಡೆ ಬಡಿಯುತ್ತಲೇ ಇರುತ್ತಿತ್ತು. ಅವಳು ಮತ್ತೆ ಮುಖ ತಿರುಗಿಸುವ ಮೊದಲು ಏನಾದರೂ ಮಾಡಬೇಕಿತ್ತು. ಯಲ್ಲಾಪುರದಲ್ಲಿ ಬಸ್ ಬದಲಿಸಿ, ಮಂಚಿಕೇರಿಯ ಮೇಲೆ ಶಿರಸಿಗೆ ಹೋದೆ. ಬೆಳಗಿನ ಮಂಜಿನಲ್ಲಿ ಕಿಟಕಿಯ ಹೊರಗೆ ಏನೂ ಕಾಣುತ್ತಿರಲಿಲ್ಲ. ಹೀಗೇ ಎಷ್ಟು ದಿನ ಎಂದು ಯೋಚಿಸುತ್ತ ತೂಕಡಿಸಿದೆ.

“ಲೂಪ್ ಇರೂದೇ ಸುಸ್ತಾಗಬಾರದು ಹೇಳಿ” ಎಂದ ಶ್ರೀಪಾದ. “ನೀನು ಅದಕ್ಕೆ ಸುಸ್ತು ಕಲಿಸೂಕೆ ಬಸ್ಸಲ್ಲಿ ಮೂರು ತಾಸು ಬಂದ್ಯಾ?”

“ಹೂಂ.”

ಅವನು ನನ್ನ ಮುಖ ನೋಡಿದ. ಕುರ್ಚಿ ಹತ್ತಿರ ಎಳೆದುಕೊಂಡ. “ಸರಿ. ಮನುಷ್ಯರಿಗೆ ಹೆಂಗೆ ಸುಸ್ತಾಗ್ತದೆ ಹೇಳು. ಬರ್ಕೊಳ್ಳುವ.”

ಇಬ್ಬರಿಗೂ ಗೊತ್ತಿರಲಿಲ್ಲ. ನಿಧಾನ ಆಗುತ್ತದೆ ಎಂದೆ ನಾನು. ಅಷ್ಟೇಯಾ ಎಂದ ಅವನು. ಕೊನೆಗೆ ಅವನು ಮೇಜನ್ನು ರೊಟ್ಟಿಯಂತೆ ಬಡಿಯುತ್ತ ಕೂತ, ನಾನು ಎದುರು ನಿಂತು ಅವನ ಕೈಯನ್ನು ಫೋನಿನಲ್ಲಿ ಹಿಡಿದೆ. ಆಮೇಲೆ ಸರದಿ ಬದಲಿಸಿದೆವು. ಕೆಳಗಿನ ಬಟ್ಟೆ ಅಂಗಡಿಯವರು ಮೆಟ್ಟಿಲವರೆಗೆ ಬಂದು, “ಎಂತದ್ರೀ ಅದು ಮೇಲೆ? ಮದ್ದಳೆ ಕಲೀತಾ ಇದ್ರಾ?” ಎಂದು ಕೇಳಿ ಹೋದರು. ಆ ಮಧ್ಯಾಹ್ನ ತಿಳಿದದ್ದು ಇಷ್ಟು: ದಣಿದ ಕೈ ಮೊದಲೇ ನಿಧಾನವಾಗುವುದಿಲ್ಲ. ಮೊದಲು ಎತ್ತುವ ಎತ್ತರ ಕಡಿಮೆಯಾಗುತ್ತದೆ. ಆಮೇಲೆ ಭುಜ ಸಹಾಯಕ್ಕೆ ಬರುತ್ತದೆ. ಒಂದೆರಡು ಬಡಿತ ರೋಷದಿಂದ ಜೋರಾಗುತ್ತವೆ. ಮತ್ತೆ ಒಮ್ಮೆಲೇ ನಿಲ್ಲುತ್ತದೆ. ನಿಂತ ಕೈ ತೊಡೆಗೆ ಒರೆಸಿಕೊಳ್ಳುತ್ತದೆ.

ಅಷ್ಟನ್ನೂ ಒಂದು ಉದ್ದನೆಯ ಸುತ್ತು ಮಾಡಿದೆವು. ಬಡಿತ, ಇಳಿತ, ರೋಷ, ವಿಶ್ರಾಂತಿ. ವಿಶ್ರಾಂತಿ ಪ್ರತಿ ಸಲ ಬೇರೆ ಬೇರೆ ಉದ್ದವಾಗಿರಲಿ ಎಂದು ಶ್ರೀಪಾದ ಇನ್ನೊಂದು ಸಾಲು ಸೇರಿಸಿದ. ಒಂದೇ ಉದ್ದದ ವಿಶ್ರಾಂತಿ ಗಡಿಯಾರದ್ದು, ಮನುಷ್ಯರದ್ದಲ್ಲ ಎಂದ. ಅಂಥ ಮಾತು ಆಡಿದ್ದಕ್ಕೆ ಅವನಿಗೇ ನಾಚಿಕೆಯಾಗಿ ಚಹಾ ತರಲು ಹೋದ.

ಅಕ್ಕನಿಗೆ ಏನೂ ಹೇಳದೆ ಹೊಸದನ್ನು ಹಾಕಿಕೊಟ್ಟೆ. ಒಂದು ಸುತ್ತು ನೋಡಿದಳು. ಪರದೆಯ ಕೈ ಇಳಿದು, ಎರಡು ಸಲ ರೋಷದಿಂದ ಬಡಿದು, ನಿಂತು, ಇಲ್ಲದ ತೊಡೆಗೆ ಒರೆಸಿಕೊಂಡಿತು.

“ಇಕಿಗೆ ದಣಿವಾತು ನೋಡು” ಎಂದಳು ಅಕ್ಕ. ಅಲ್ಲಿಯವರೆಗೆ ‘ಇದು’ ಆಗಿದ್ದದ್ದು ಅವತ್ತಿನಿಂದ ‘ಇಕಿ’ ಆಯಿತು.

ಆಮೇಲೆ ನಾನು ಎಣಿಸಬೇಕಾಗಲಿಲ್ಲ. ಬೆಳಿಗ್ಗೆ ಒಮ್ಮೆ, ಊಟದ ಗದ್ದಲ ಮುಗಿದ ಮೇಲೆ ಒಮ್ಮೆ ಹಲಗೆ ಹಾಕಿಕೊಂಡು ಕೂರುತ್ತಿದ್ದಳು. ಪರದೆಯ ಕೈ ಅವಳ ಜೊತೆ ನಿಲ್ಲುತ್ತಿತ್ತು, ಅವಳ ಜೊತೆ ಏಳುತ್ತಿತ್ತು. ಕೆಲವು ಸಲ ಅಕ್ಕನೇ ಮೊದಲು ಎದ್ದು ಕಾಯುತ್ತಿದ್ದಳು. “ಏಳವಾ, ಏಳು, ಮೈಗಳ್ಳಿ! ಹೊರಗ ಮಂದಿ ಕೂತೈತಿ!” ಎಂದು ಫೋನಿಗೆ ಬೈಯುವುದು ಹೊರಗಿನ ಬೆಂಚಿಗೂ ಕೇಳುತ್ತಿತ್ತು. ತೇಗದ ಎಲೆ ಉದುರಿ ರಸ್ತೆಯ ಬದಿಯೆಲ್ಲ ಚರಚರ ಎನ್ನುವ ಕಾಲ. ಸಂಕ್ರಾಂತಿಯ ಹೊತ್ತಿಗೆ ಅವಳ ಮಣಿಕಟ್ಟು ನನ್ನ ಆಸರೆಯಿಲ್ಲದೆ ಎದ್ದಿತು. ಶಿವರಾತ್ರಿಯ ಹೊತ್ತಿಗೆ ಅಂಗೈ ಅಗಲದ, ಚಪ್ಪಲಿಯಷ್ಟು ದಪ್ಪದ ರೊಟ್ಟಿಯೊಂದು ಆಗುತ್ತಿತ್ತು. ಅದನ್ನು ಅವಳು ಎಮ್ಮೆಗೆ ಹಾಕುತ್ತಿದ್ದಳು.

ಇಷ್ಟಕ್ಕೆ ಲೂಪ್ ಕಾರಣ ಎಂದು ನಾನು ಬರೆಯಲಾರೆ. ಹುಬ್ಬಳ್ಳಿಯ ಡಾಕ್ಟರು, ಕೆಲವರಿಗೆ ತಾನಾಗಿಯೇ ಬರುತ್ತದೆ ಎಂದರು. ಮಾಮಾ ಒಂದು ದಿನ ಗುಟ್ಟಿನಲ್ಲಿ ಹೇಳಿದರು: “ನೀ ಶಿರಸಿಗೆ ಹೋದಾಗ ಆಕಿ ಆ ಫೋನ್ ತಗಿಯೂದ ಇಲ್ಲ. ನೀ ಬರೂ ಬಸ್ಸಿನ ಹೊತ್ತಿಗೆ ಚಾಲೂ ಮಾಡ್ತಾಳ. ಸುಮ್ನಿರು, ನಾ ಹೇಳಿದೆ ಅನಬ್ಯಾಡ.” ಅದು ನಿಜವೋ, ಅವರ ಚೇಷ್ಟೆಯೋ, ಕೇಳಲು ಧೈರ್ಯವಾಗಲಿಲ್ಲ. ಆ ವರ್ಷ ನನಗೂ ಕೈಯಲ್ಲಿ ಮಾಡುವಂಥದ್ದು ಏನಾದರೂ ಬೇಕಿತ್ತು ಎಂಬುದು ಅಕ್ಕನಿಗೆ ಕಂಡಿರಬಹುದು.

ಹೆಬ್ಬೆರಳು ಮಾತ್ರ ಏಳಲಿಲ್ಲ. ಬಡಿಯಲು ಅಂಗೈ ಸಾಕು. ತುತ್ತು ಹಿಡಿಯಲು ಹೆಬ್ಬೆರಳು ಬೇಕು. ಅಕ್ಕ ಇನ್ನೂ ಚೀಲಗಳ ಹಿಂದೆಯೇ ಉಣ್ಣುತ್ತಿದ್ದಳು. ಬಿಸಿಲು ಏರಿತು. ಡಾಕ್ಟರು ಹೇಳಿದ ತಿಂಗಳುಗಳು ಮುಗಿಯುತ್ತ ಬಂದಿದ್ದವು; ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು, ಇಬ್ಬರೂ ಆಡುತ್ತಿರಲಿಲ್ಲ. ಯುಗಾದಿಗೆ ಒಂದು ವಾರ ಇರುವಾಗ, ನಾಲ್ಕು ಬೆರಳು ತುತ್ತನ್ನು ಒಟ್ಟು ಮಾಡಿ ಹೆಬ್ಬೆರಳು ತಳ್ಳುವ ಹೊಸ ಲೂಪ್ ಮಾಡಲು ಶಿರಸಿಗೆ ಹೋದೆ. ಎರಡು ದಿನ ಅಲ್ಲಿದ್ದೆ.

ಮುಂದಿನದು ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ನೆನಪಿದೆ. ಮಧ್ಯಾಹ್ನ ಎರಡರ ಬಿಸಿಲು. ಖಾನಾವಳಿಯಲ್ಲಿ ನಾಲ್ಕು ಜನ ಡ್ರೈವರುಗಳು. ಅಕ್ಕ ಒಳಗಿನಿಂದ ತಟ್ಟೆಯನ್ನು ಎಡಗೈಯಲ್ಲಿ ಹಿಡಿದು, ಕಾಲೆಳೆಯುತ್ತ ಬಂದು, ಬಾಗಿಲ ಹತ್ತಿರದ ಬೆಂಚಿನಲ್ಲಿ ಅವರೆದುರೇ ಕೂತಳು. ತಟ್ಟೆಯ ಅಂಚನ್ನು ಎಡಗೈಯಿಂದ ಒತ್ತಿ ಹಿಡಿದಳು. ಬಲಗೈಯ ಬೆರಳುಗಳನ್ನು ರೊಟ್ಟಿಯ ಮೇಲಿಟ್ಟು ಎಳೆದಳು. ಒಂದು ಸಲ ಜಾರಿತು. ಎರಡನೆಯ ಸಲ ತುಂಡು ಬಂತು. ಹೆಸರುಕಾಳು ಅರ್ಧ ಉದುರಿತು. ಉಳಿದದ್ದು ಬಾಯಿಗೆ ಹೋಯಿತು. ಡ್ರೈವರುಗಳು ತಮ್ಮ ಪಾಡಿಗೆ ಉಣ್ಣುತ್ತಿದ್ದರು. ಯಾರದೋ ಲೋಟಕ್ಕೆ ನೀರು ಹಾಕುತ್ತಿದ್ದ ಮಾಮಾ ಅಕ್ಕನನ್ನೇ ನೋಡುತ್ತ ಹಾಕುತ್ತಲೇ ಇದ್ದರು. ಲೋಟ ತುಂಬಿ ಮೇಜಿನ ಮೇಲೆ ಹರಿದು ಡ್ರೈವರನ ತೊಡೆಗೆ ಬಿತ್ತು. ಒಂದು ರೊಟ್ಟಿಗೆ ಅಕ್ಕ ಅರ್ಧ ತಾಸು ತೆಗೆದುಕೊಂಡಳು. ಎಡಗೈ ಬಾಯಿಯವರೆಗೆ ಬರಲಿಲ್ಲ.

ಇದನ್ನು ನಾನು ಹೆಂಡತಿಗೆ ಹೇಳಿದ್ದೇನೆ, ಗೆಳೆಯರಿಗೆ ಹೇಳಿದ್ದೇನೆ, ತರಗತಿಯಲ್ಲೂ ಒಮ್ಮೆ ಹೇಳಿದ್ದೇನೆ.

ಮೇಲಂತಸ್ತಿನ ರೊಟ್ಟಿಯ ವಾಸನೆ ಬಂದ ಆ ವಾರದ ಕೊನೆಗೆ ಸಿದ್ದಾಪುರದಿಂದ ಹೊರಟು ಮಧ್ಯಾಹ್ನಕ್ಕೆ ಕಿರವತ್ತಿ ಮುಟ್ಟಿದೆ. ಮೂವರೂ ಊಟಕ್ಕೆ ಕೂತಾಗ ಆ ದಿನದ ಮಾತು ತೆಗೆದೆ. ಮಾಮಾ ಉಣ್ಣುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

“ನೀ ಎಲ್ಲಿದ್ದಿ ಅವತ್ತ? ನೀ ಶಿರಸಿಯೊಳಗ ಇದ್ದಿ. ನಾನ ಫೋನ್ ಹಚ್ಚಿ ಹೇಳಿದ್ನಿ ನಿನಗ. ಕೇಳಿ ನೀ ಫೋನಿನಾಗ ಅಳಾಕ ಹತ್ತಿದ್ದಿ.”

ಚೀಲದಲ್ಲಿ ಲ್ಯಾಪ್‌ಟಾಪ್ ಇತ್ತು. ತೆಗೆದು ಹಳೆಯ ಕಡತಗಳಲ್ಲಿ ಹುಡುಕಿದೆ. ಶ್ರೀಪಾದನ ಕಂಪ್ಯೂಟರಿನಲ್ಲಿ ಮಾಡಿ ನಕಲಿಸಿಕೊಂಡಿದ್ದ ಹೆಬ್ಬೆರಳಿನ ಲೂಪಿನ ಕಡತ ಅಲ್ಲೇ ಇತ್ತು. ಅದನ್ನು ಕೊನೆಯ ಸಲ ಉಳಿಸಿದ್ದು ಯುಗಾದಿಗೆ ಐದು ದಿನ ಮೊದಲು, ಮಧ್ಯಾಹ್ನ ಒಂದೂ ಮುಕ್ಕಾಲಿಗೆ. “ಯಾವತ್ತು ಉಂಡೆ ಅಕ್ಕಾ ನೀ ಮೊದಲ?” ಎಂದೆ. “ಯುಗಾದಿ ಮುಂದ, ಐದು ದಿನ ಇತ್ತು. ಬೇವು ತರಾಕ ಹೇಳಿದ್ನಿ ಇವ್ರಿಗೆ, ನೆನಪೈತಿ” ಎಂದಳು. ಒಂದೂ ಮುಕ್ಕಾಲಿಗೆ ಶಿರಸಿಯಲ್ಲಿದ್ದವನು ಎರಡಕ್ಕೆ ಕಿರವತ್ತಿಯಲ್ಲಿರಲು ಸಾಧ್ಯವಿಲ್ಲ. ದಾಖಲೆ ನನ್ನ ವಿರುದ್ಧವಿತ್ತು. ಬಾಯಿಮಾತಿಗಿಂತ ದಾಖಲೆ ಮೇಲು ಎಂದು ಓದಿದವನು ನಾನು. ಲ್ಯಾಪ್‌ಟಾಪ್ ಮುಚ್ಚಿದೆ. ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದು ಮಾಮಾ ಫೋನಿನಲ್ಲಿ ಹೇಳಿದ ಮಾತುಗಳಿಂದ ನಾನೇ ಬರೆದುಕೊಂಡ ಚಿತ್ರ ಎಂದಾಯಿತು.

“ಇದ್ದಿ ನೀ” ಎಂದಳು ಅಕ್ಕ.

“ಇರಲಿಲ್ಲ ಅಕ್ಕಾ.”

“ಇದ್ದಿ. ನನ್ನ ಎಡಕ್ಕ ಕೂತಿದ್ದಿ.”

“ಏ, ಆಂವ ಇರಲಿಲ್ಲ ಮಾರಾಯ್ತಿ” ಮಾಮಾ ಅಂದರು.

“ನಿಮಗೇನ ಗೊತ್ತರಿ? ನೀವು ನೀರ ಚೆಲ್ಲಕೋತ ನಿಂತಿದ್ರಿ.”

“ನಾ ಎಲ್ಲಿ ನೀರ ಚೆಲ್ಲಿದೆ?” ಎಂದು ಮಾಮಾ ಎದ್ದೇಬಿಟ್ಟರು. “ಯಾರ ಹೇಳಿದ್ರು ನಾ ನೀರ ಚೆಲ್ಲಿದೆ ಅಂತ?”

ನಾನು ತಲೆಯೆತ್ತಿದೆ. ನೀರು ಚೆಲ್ಲಿದ್ದು ನನಗೆ ಗೊತ್ತಿತ್ತು. ಮಾಮಾ ಅದನ್ನು ಫೋನಿನಲ್ಲಿ ಹೇಳಿರುವವರಲ್ಲ, ಈಗಲೇ ಒಪ್ಪುತ್ತಿಲ್ಲ. ಅಕ್ಕ ಆಮೇಲೆ ಯಾವಾಗಲೋ ಹೇಳಿರಬಹುದು. ಕಡತದಲ್ಲಿನ ಗಂಟೆ ತಪ್ಪಿರಬಹುದು. ಶ್ರೀಪಾದನ ಯಂತ್ರದ ಗಡಿಯಾರ ಕರೆಂಟ್ ಹೋದಾಗಲೆಲ್ಲ ಹಿಂದು ಮುಂದಾಗುತ್ತಿತ್ತು. ಅಥವಾ ಅಕ್ಕ ನನಗೆ ಬೇಜಾರಾಗದಿರಲಿ ಎಂದು ನನ್ನನ್ನು ಅಲ್ಲಿ ಕೂರಿಸುತ್ತಿರಬಹುದು. ಇದನ್ನು ಬಿಡಿಸುವ ದಾರಿ ಇನ್ನಿಲ್ಲ. ಬಿಡಿಸುವ ಶಕ್ತಿಯೂ ನನಗೆ ಉಳಿದಿಲ್ಲ.

ಅವರಿಬ್ಬರೂ ನೀರಿನ ಮೇಲೆ ಜಗಳ ಮುಂದುವರಿಸಿದರು. ಜಗಳದ ನಡುವೆ ಅಕ್ಕ ಉಣ್ಣುತ್ತಿದ್ದಳು, ತನ್ನ ಕೈಯನ್ನು ನೋಡದೆ. ಸಂಜೆ ಯಲ್ಲಾಪುರದ ಬಸ್ಸಿನಲ್ಲಿ ಸೀಟು ಸಿಕ್ಕಿದ ಕೂಡಲೇ ಉತ್ತರಪತ್ರಿಕೆಯ ಲಕೋಟೆಯ ಹಿಂದೆ ದಿನಾಂಕ ಹಾಕಿ ಬರೆದುಕೊಂಡೆ: ಕಿರವತ್ತಿ, ಮಧ್ಯಾಹ್ನ. ಅಕ್ಕ ನನ್ನೆದುರು ಕೂತು ಬಲಗೈಯಿಂದ ಎರಡು ರೊಟ್ಟಿ ಉಂಡಳು. ಬದನೆಕಾಯಿ ಪಲ್ಯ. ಹೆಬ್ಬೆರಳು ಇನ್ನೂ ತುಸು ಹಿಂದೆ. ನಡುವೆ ಎರಡು ಸಲ ದಣಿದು ಕೈ ನಿಲ್ಲಿಸಿದಳು. ನಾನು ನೋಡಿದೆ.